ಓದುಗರ ಪ್ರಶ್ನೆ: ಸೋಪಿನ ಮಿಶ್ರಣಕ್ಕೆ ಎಷ್ಟು ಶಾಖ ಬೇಕು?

ಮನೆಯಲ್ಲಿ ಕೋಲ್ಡ್ ಪ್ರೋಸೆಸ್ ಸೋಪು ಮಾಡುವವರಿಂದ ಈ ಸಲ ಬಂದ ಪತ್ರಗಳೆಲ್ಲ ಸುತ್ತಿಬಳಸಿ ಒಂದೇ ವಿಷಯಕ್ಕೆ ಬರುತ್ತವೆ: ಶಾಖ. ಬೇಯಿಸುವ ಗೋಜಿಲ್ಲದೆ, ಎಣ್ಣೆಗೆ ಕಾಸ್ಟಿಕ್ ಸೋಡಾ ಕರಗಿಸಿದ ನೀರನ್ನು ಬೆರೆಸಿ ಅಚ್ಚಿಗೆ ಸುರಿಯುವ ವಿಧಾನ ಇದು. ಬೇಯಿಸುವುದಿಲ್ಲ ಎಂದ ಮಾತ್ರಕ್ಕೆ ಶಾಖ ಇಲ್ಲವೆಂದಲ್ಲ. ನಾನು ಹಿಂದೆ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು, ಥರ್ಮಾಮೀಟರ್ ಎಂದರೆ ನನಗೆ ಪ್ರೀತಿಯೇ. ಆದರೆ ಅದರಲ್ಲಿ ಕಾಣುವ ಒಂದು ಅಂಕಿಯನ್ನು ಮಂತ್ರದಂತೆ ಜಪಿಸುವುದನ್ನು ಕಂಡರೆ ಕಿರಿಕಿರಿಯಾಗುತ್ತದೆ. ಇಲ್ಲಿರುವ ಡಿಗ್ರಿಗಳೆಲ್ಲ ಸೆಲ್ಸಿಯಸ್‌ನಲ್ಲಿವೆ.

ಪ್ರಶ್ನೆ: ಮೇಡಂ, ಎಣ್ಣೆಯೂ ಕಾಸ್ಟಿಕ್ ನೀರೂ ಎರಡೂ 43 ಡಿಗ್ರಿಯಲ್ಲೇ ಇರಬೇಕು ಎಂದು ಒಬ್ಬರು ಹೇಳುತ್ತಾರೆ, 38 ಸಾಕು ಎಂದು ಇನ್ನೊಬ್ಬರು. ಅಳೆಯುವುದೇ ಬೇಡ ಎನ್ನುವವರೂ ಇದ್ದಾರೆ. ನಾನು ಎಣ್ಣೆಯನ್ನು ಮತ್ತೆ ಬಿಸಿ ಮಾಡುವಷ್ಟರಲ್ಲಿ ಕಾಸ್ಟಿಕ್ ನೀರು ಆರಿರುತ್ತದೆ. ಎರಡನ್ನೂ ಸಮಕ್ಕೆ ತರುವುದು ಹೇಗೆ?

ಸಮಕ್ಕೆ ತರುವ ಅಗತ್ಯವೇ ಇಲ್ಲ. ಎರಡೂ ಒಂದೇ ಡಿಗ್ರಿಯಲ್ಲಿರಬೇಕೆಂಬ ನಿಯಮ ಹೊಸಬರಿಗೆ ಒಂದು ಹಿಡಿತ ಸಿಗಲೆಂದು ಹುಟ್ಟಿಕೊಂಡದ್ದು. ಎಣ್ಣೆಗೆ ಇದು ಗೊತ್ತಿಲ್ಲ.

ಲೆಕ್ಕ ಹಾಕಿಯೇ ನೋಡೋಣ. 300 ಗ್ರಾಂ ತೆಂಗಿನೆಣ್ಣೆ, 700 ಗ್ರಾಂ ಆಲಿವ್ ಎಣ್ಣೆ, ಒಟ್ಟು ಒಂದು ಕಿಲೋ. ಸ್ವಲ್ಪ ಎಣ್ಣೆ ಸೋಪಾಗದೆ ಉಳಿಯಲಿ ಎಂದು ಶೇಕಡ 5ರಷ್ಟು ಕಡಿತ ಮಾಡಿದರೆ ಸುಮಾರು 140 ಗ್ರಾಂ ಕಾಸ್ಟಿಕ್ ಸೋಡಾ ಬೇಕಾಗುತ್ತದೆ. ಅದರ ಎರಡರಷ್ಟು, ಅಂದರೆ 280 ಗ್ರಾಂ ನೀರು. (ನಿಮ್ಮ ಎಣ್ಣೆಗಳಿಗೆ ಸೋಪ್ ಕ್ಯಾಲ್ಕುಲೇಟರಿನಲ್ಲಿ ಹೊಸದಾಗಿಯೇ ಲೆಕ್ಕ ಮಾಡಿ, ನನ್ನ ಅಂಕಿಗಳನ್ನು ಎತ್ತಿಕೊಳ್ಳಬೇಡಿ.) ಕಾಸ್ಟಿಕ್ ನೀರಿನ ತೂಕ 420 ಗ್ರಾಂ, ಎಣ್ಣೆಯ ಅರ್ಧಕ್ಕಿಂತಲೂ ಕಡಿಮೆ. ಆದರೆ ಒಂದು ಗ್ರಾಂ ಎಣ್ಣೆಯನ್ನು ಒಂದು ಡಿಗ್ರಿ ಏರಿಸಲು ಬೇಕಾಗುವುದು ಸುಮಾರು 2 ಜೂಲ್, ಕಾಸ್ಟಿಕ್ ನೀರಿಗಾದರೆ ಸುಮಾರು ಮೂರೂವರೆ. ಹೀಗಾಗಿ ತೂಕ ಕಡಿಮೆಯಿದ್ದರೂ ಅದು ಹೊತ್ತು ತರುವ ಶಾಖ ಕಡಿಮೆಯಲ್ಲ.

ಈಗ ಎಣ್ಣೆ 30ರಲ್ಲಿದೆ, ಕಾಸ್ಟಿಕ್ ನೀರು 60ರಲ್ಲಿದೆ ಎನ್ನಿ. ಎರಡನ್ನೂ ಬೆರೆಸಿದರೆ ಮಿಶ್ರಣ ಸುಮಾರು 43ಕ್ಕೆ ನಿಲ್ಲುತ್ತದೆ. ಎಣ್ಣೆ 40, ಕಾಸ್ಟಿಕ್ ನೀರು 45 ಇದ್ದರೆ? ಸುಮಾರು 42. ಎರಡನೆಯದಕ್ಕಾಗಿ ನೀವು ಪಾತ್ರೆಯನ್ನು ಒಲೆಗೂ ತಣ್ಣೀರಿಗೂ ಓಡಾಡಿಸಿದ್ದು ವ್ಯರ್ಥ. ನೋಡಬೇಕಾದದ್ದು ಬೆರೆತ ಮೇಲೆ ಮಿಶ್ರಣ ಎಲ್ಲಿ ನಿಂತಿತು ಎಂಬುದನ್ನು. ನಾನು ನನ್ನ ಪುಸ್ತಕದಲ್ಲಿ ಎಣ್ಣೆಯ ಶಾಖ, ಕಾಸ್ಟಿಕ್ ನೀರಿನ ಶಾಖ ಎರಡನ್ನೂ ಬರೆದು, ಬೆರೆಸಿದ ಕೂಡಲೇ ಇರುವ ಶಾಖವನ್ನು ಮೂರನೆಯ ಕಾಲಮ್ಮಿನಲ್ಲಿ ಬರೆಯುತ್ತೇನೆ. ಆಮೇಲೆ ಹಿಂದಿರುಗಿ ನೋಡುವುದು ಆ ಮೂರನೆಯ ಕಾಲಮ್ಮನ್ನೇ.

ಹಾಗಾದರೆ ಎಷ್ಟಿರಬೇಕು? ಕೆಳಗಿನ ಮಿತಿಯನ್ನು ನಿಮ್ಮ ಕೊಬ್ಬು ಹೇಳುತ್ತದೆ. ತೆಂಗಿನೆಣ್ಣೆ ಸುಮಾರು 24–25ರಲ್ಲಿ ಕರಗುತ್ತದೆ, ತಾಳೆ ಎಣ್ಣೆಗೆ 35ರ ಆಸುಪಾಸು ಬೇಕು, ಕೋಕೋ ಬೆಣ್ಣೆಗೆ 34–38. ಜೇನುಮೇಣ 62ಕ್ಕಿಂತ ಕೆಳಗೆ ಮಿಸುಕಾಡುವುದೇ ಇಲ್ಲ. ಇವು ಮತ್ತೆ ಹೆಪ್ಪುಗಟ್ಟದಷ್ಟು ಬೆಚ್ಚಗೆ ಮಿಶ್ರಣ ಇರಲೇಬೇಕು. ಮೇಲಿನ ಮಿತಿಯನ್ನು ಹೇಳುವುದು ಮುಂದೆ ಹುಟ್ಟಲಿರುವ ಶಾಖ. ಎಣ್ಣೆ ಸೋಪಾಗುವಾಗ ತಾನೇ ಬಿಸಿಯಾಗುತ್ತದೆ, ಅದಕ್ಕೆ ಜಾಗ ಬಿಟ್ಟಿರಬೇಕು. ಜೇನು, ಹಾಲು, ಲವಂಗದ ಎಣ್ಣೆಯಂಥವು ಸೇರಿದರೆ ಇನ್ನೂ ಹೆಚ್ಚು ಜಾಗ. ಸಾಮಾನ್ಯ ಮಿಶ್ರಣಕ್ಕೆ 35ರಿಂದ 45ರೊಳಗೆ ಎಲ್ಲಿದ್ದರೂ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಬಣ್ಣದ ಸುಳಿ ಬಿಡಿಸುವುದಿದ್ದರೆ 30–35 ಇರಲಿ, ಮಿಶ್ರಣ ಬೇಗ ಬಿಗಿಯಾಗದೆ ಕೈಗೆ ಸಮಯ ಸಿಗುತ್ತದೆ. ಮೇಣ ಇದ್ದರೆ ಮಾತ್ರ 50ರ ಮೇಲೆ ಹೋಗುತ್ತೇನೆ. ಆಗ ಸುರಿಯಲು ಸಿಗುವ ಸಮಯವೂ ಕಡಿಮೆಯೇ.

ಪ್ರಶ್ನೆ: ಕಾಸ್ಟಿಕ್ ಸೋಡಾ ನೀರಿಗೆ ಬಿದ್ದ ಕೂಡಲೇ ಪಾತ್ರೆ ಮುಟ್ಟಲಾಗದಷ್ಟು ಬಿಸಿಯಾಗಿ ಆವಿ ಎದ್ದಿತು. ನನ್ನ ಕಾಸ್ಟಿಕ್ ಸೋಡಾದಲ್ಲಿ ಏನಾದರೂ ದೋಷವಿದೆಯೇ? ಬೇಗ ತಣಿಸಲು ಮಂಜುಗಡ್ಡೆ ಹಾಕಬಹುದೇ?

ದೋಷವಿಲ್ಲ. ಬಿಸಿಯಾಗದಿದ್ದರೆ ಅನುಮಾನಪಡಬೇಕಾಗಿತ್ತು. ಒಂದು ಪಾಲು ಕಾಸ್ಟಿಕ್ ಸೋಡಾಕ್ಕೆ ಎರಡು ಪಾಲು ನೀರು ಎಂದರೆ ಕೆಲವೇ ನಿಮಿಷಗಳಲ್ಲಿ 80–90 ಡಿಗ್ರಿಗೆ ಏರುವುದು ಸಹಜ. ಆದ್ದರಿಂದಲೇ ನೀರಿಗೆ ಕಾಸ್ಟಿಕ್ ಸೋಡಾ ಹಾಕಬೇಕು, ಅದೂ ಸ್ವಲ್ಪಸ್ವಲ್ಪವಾಗಿ, ಕಲಕುತ್ತಾ. ಕಾಸ್ಟಿಕ್ ಸೋಡಾದ ಮೇಲೆ ನೀರು ಸುರಿದರೆ ಮೊದಲು ಬಿದ್ದಷ್ಟು ನೀರು ಅಲ್ಲೇ ಕುದಿದು ಮೇಲಕ್ಕೆ ಸಿಡಿಯುತ್ತದೆ. ಕಿಟಕಿ ತೆರೆದಿರಲಿ, ಮುಖ ಆವಿಯ ನೇರಕ್ಕೆ ಬೇಡ, ಕಣ್ಣಿಗೆ ಪಕ್ಕಗಳೂ ಮುಚ್ಚುವ ಕನ್ನಡಕ ಮತ್ತು ಕೈಗವಸು ಇರಲಿ. ಚರ್ಮಕ್ಕೆ ಬಿದ್ದರೆ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಿರಿ. ವಿನೆಗರ್ ಸುರಿಯುವ ಸಲಹೆಯನ್ನು ಮರೆತುಬಿಡಿ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ವೈದ್ಯರ ಬಳಿಗೆ ಹೋಗುವ ವ್ಯವಸ್ಥೆ ಮಾಡಿ.

ಪಾತ್ರೆಯ ಮಾತು. ಅಲ್ಯುಮಿನಿಯಂ ಖಂಡಿತ ಬೇಡ. ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಗಾಜು ಗಟ್ಟಿಯೆಂದು ಕಂಡರೂ ಕಾಸ್ಟಿಕ್ ಅದನ್ನು ನಿಧಾನವಾಗಿ ಕೊರೆಯುತ್ತದೆ, ಯಾವುದೋ ಒಂದು ದಿನ ಬಿಸಿಗೆ ಸೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ತಳದಲ್ಲಿ ತ್ರಿಕೋನದೊಳಗೆ 5 ಎಂದು ಅಚ್ಚಾಗಿರುವ ದಪ್ಪ ಪಾಲಿಪ್ರೊಪಿಲೀನ್ ಜಗ್ ಒಳ್ಳೆಯದು.

ಮಂಜುಗಡ್ಡೆ ಹಾಕಬಹುದು, ಆದರೆ ಆಮೇಲೆ ಅಲ್ಲ, ಮೊದಲೇ. ತೂಕ ಮಾಡಿದ ನೀರಿನ ಒಂದು ಭಾಗವೇ ಅದಾಗಿರಬೇಕು. ಮೇಲಿನ ಲೆಕ್ಕದ 280 ಗ್ರಾಂ ನೀರಿನಲ್ಲಿ 140 ಗ್ರಾಂ ಮಂಜುಗಡ್ಡೆಯಾಗಿದ್ದರೆ, ಅದು ಕರಗುವುದಕ್ಕೆಂದೇ ಹೀರುವ ಶಾಖದಿಂದ ದ್ರಾವಣ ಸುಮಾರು 30 ಡಿಗ್ರಿ ಕೆಳಗೇ ಉಳಿಯುತ್ತದೆ. ಬಿಸಿ ಏರಿದ ಮೇಲೆ ಅಂದಾಜಿಗೆ ನಾಲ್ಕು ತುಂಡು ಎಸೆದರೆ ನೀರಿನ ಲೆಕ್ಕವೇ ತಪ್ಪುತ್ತದೆ. ಅವಸರವಿದ್ದರೆ ಜಗ್ಗನ್ನು ತಣ್ಣೀರಿನ ಬೋಗುಣಿಯಲ್ಲಿಡಿ. ಬೋಗುಣಿಯ ನೀರು ಜಗ್ಗಿನೊಳಗಿನ ದ್ರಾವಣದ ಮಟ್ಟಕ್ಕಿಂತ ಕೆಳಗಿರಲಿ, ಇಲ್ಲವಾದರೆ ಜಗ್ ತೇಲಿ ವಾಲುತ್ತದೆ. ಬಿಸಿಯಿರುವಾಗ ಮುಚ್ಚಳವನ್ನು ಬಿಗಿಯಬೇಡಿ.

ಪ್ರಶ್ನೆ: ಬ್ಲೆಂಡರ್ ಎರಡು ಸುತ್ತು ತಿರುಗುವಷ್ಟರಲ್ಲೇ ಮಿಶ್ರಣ ಗಟ್ಟಿಯಾಯಿತು. ಟ್ರೇಸ್ ಬಂತೆಂದು ಖುಷಿಯಿಂದ ಅಚ್ಚಿಗೆ ಹಾಕಿದೆ. ಒಂದು ಗಂಟೆ ಬಿಟ್ಟು ನೋಡಿದರೆ ಮೇಲೆ ಎಣ್ಣೆ ನಿಂತಿತ್ತು. ಶಿಯಾ ಬೆಣ್ಣೆ ಜಾಸ್ತಿ ಹಾಕಿದ್ದೆ. ಎಣ್ಣೆ ಕೋಣೆಯ ಶಾಖದಲ್ಲೇ ಇತ್ತು.

ನಿಮ್ಮ ಪ್ರಶ್ನೆಯ ಕೊನೆಯ ಎರಡು ವಾಕ್ಯಗಳಲ್ಲೇ ಉತ್ತರ ಇದೆ. ಮಿಶ್ರಣ ಎತ್ತಿ ಹನಿಸಿದರೆ ಗೆರೆ ಕ್ಷಣಕಾಲ ಮೇಲೆಯೇ ನಿಲ್ಲುವ ಹದಕ್ಕೆ ಟ್ರೇಸ್ ಎನ್ನುತ್ತೇವೆ. ನಿಮಗೆ ಬಂದದ್ದು ಹುಸಿ ಟ್ರೇಸ್. ಅಲ್ಲಿ ಎಣ್ಣೆ ಸೋಪಾಗಲು ಶುರುವಾಗಿ ಗಟ್ಟಿಯಾದದ್ದಲ್ಲ, ಬೆಣ್ಣೆಯಲ್ಲಿದ್ದ ಗಟ್ಟಿ ಕೊಬ್ಬು ತಣ್ಣಗಾಗಿ ಹೆಪ್ಪುಗಟ್ಟಿದ್ದು. ನೋಡಲು ಎರಡೂ ಒಂದೇ ಥರ. ಅಚ್ಚಿನಲ್ಲಿ ನಿಧಾನವಾಗಿ ಶಾಖ ಹುಟ್ಟಿದಾಗ ಆ ಕೊಬ್ಬು ಮತ್ತೆ ಕರಗಿತು. ಅದುವರೆಗೆ ಸರಿಯಾಗಿ ಬೆರೆಯದಿದ್ದ ಎಣ್ಣೆಯೂ ಕಾಸ್ಟಿಕ್ ನೀರೂ ತಮ್ಮತಮ್ಮ ದಾರಿ ಹಿಡಿದವು.

ಸುರಿಯುವ ಮೊದಲೇ ಇದನ್ನು ಪತ್ತೆಹಚ್ಚಬಹುದು. ಎರಡು ಚಮಚ ಮಿಶ್ರಣವನ್ನು ಸಣ್ಣ ಬಟ್ಟಲಿಗೆ ತೆಗೆದು, ಬಟ್ಟಲನ್ನು ಬಿಸಿನೀರಿನ ಮೇಲೆ ಒಂದೆರಡು ನಿಮಿಷ ಹಿಡಿಯಿರಿ. ಮಿಶ್ರಣ ತೆಳುವಾಗಿ ಅಂಚಿನಲ್ಲಿ ಎಣ್ಣೆಯ ಹೊಳಪು ಕಂಡರೆ ಹುಸಿ. ಗಟ್ಟಿಯಾಗಿಯೇ ಉಳಿದರೆ ಅಥವಾ ಇನ್ನಷ್ಟು ಬಿಗಿಯಾದರೆ ನಿಜ. ಹುಸಿಯಾಗಿದ್ದರೆ ಇಡೀ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು 40ರ ಸುತ್ತ ತಂದು ಬ್ಲೆಂಡರ್ ಮುಂದುವರಿಸಿ. ಏನೂ ಹಾಳಾಗಿರುವುದಿಲ್ಲ.

ಅಚ್ಚಿಗೆ ಹೋಗಿ ಎಣ್ಣೆ ಬಿಟ್ಟದ್ದನ್ನೂ ಚೆಲ್ಲಬೇಡಿ. ಕೈಗವಸು ಹಾಕಿಕೊಂಡು ಎಲ್ಲವನ್ನೂ, ತಳದಲ್ಲಿ ಸೇರಿರುವ ನೀರನ್ನೂ ಬಿಡದೆ, ಸ್ಟೀಲ್ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಮತ್ತೆ ಬ್ಲೆಂಡ್ ಮಾಡಿ.

ಮುಂದಿನ ಸಲಕ್ಕೆ: ಬೆಣ್ಣೆಗಳನ್ನು ಪೂರ್ತಿ ಕರಗಿಸಿ. ಪೂರ್ತಿ ಎಂದರೆ, ಬ್ಲೆಂಡರಿನ ತಲೆಯನ್ನು ಎಣ್ಣೆಯೊಳಗೆ ಇಳಿಸಿದಾಗ ಅದರ ಬ್ಲೇಡಿನ ಅಂಚು, ತಳದ ತೂತುಗಳು ಸ್ಪಷ್ಟವಾಗಿ ಕಾಣಬೇಕು. ಎಣ್ಣೆಯಲ್ಲಿ ತೆಳು ಮಂಜು ಮುಸುಕಿದಂತಿದ್ದರೆ ಕೊಬ್ಬಿನ ಹರಳು ಇನ್ನೂ ಇದೆ ಎಂದು ಅರ್ಥ. ಅದೇ ಕೊನೆಗೆ ಸೋಪಿನಲ್ಲಿ ಬಿಳಿ ಚುಕ್ಕೆಗಳಾಗಿ ಕಾಣಿಸಿಕೊಳ್ಳುತ್ತದೆ. ತಾಳೆ ಎಣ್ಣೆಯ ಡಬ್ಬದಲ್ಲಿ ಗಟ್ಟಿ ಭಾಗ ತಳಕ್ಕಿಳಿದಿರುತ್ತದೆ, ಮೇಲಿನದನ್ನಷ್ಟೇ ಬಗ್ಗಿಸಿಕೊಳ್ಳದೆ ಇಡೀ ಡಬ್ಬ ಕರಗಿಸಿ ಕಲಕಿ ತೆಗೆಯಿರಿ. ಇನ್ನೊಂದು ಮಾತು: ಎಣ್ಣೆ 40ರಲ್ಲಿದ್ದರೂ ಕಾಸ್ಟಿಕ್ ನೀರು ತೀರಾ ತಣ್ಣಗಿದ್ದರೆ ಬೆರೆತ ಮಿಶ್ರಣ ಮತ್ತೆ ಕೊಬ್ಬಿನ ಮಿತಿಗಿಂತ ಕೆಳಗಿಳಿಯುತ್ತದೆ. ಆ ಮೂರನೆಯ ಕಾಲಮ್ಮಿನ ಪ್ರಯೋಜನ ಇಲ್ಲಿದೆ.

ಪ್ರಶ್ನೆ: ಸೋಪು ಕತ್ತರಿಸಿದಾಗ ಪ್ರತಿ ತುಂಡಿನ ನಡುವೆ ಗಾಢ ಬಣ್ಣದ ವೃತ್ತ, ಸುತ್ತ ತಿಳಿ ಬಣ್ಣ. ಒಳಗೆ ಹಸಿಯಾಗಿಯೇ ಉಳಿದಿದೆಯೇ? ಬಳಸಬಹುದೇ?

ಧಾರಾಳವಾಗಿ ಬಳಸಬಹುದು. ಹಸಿಯಾಗಿ ಉಳಿದದ್ದಲ್ಲ, ನಡುಭಾಗ ಮಾತ್ರ ಜೆಲ್ ಹಂತಕ್ಕೆ ಹೋಗಿದೆ. ಅಚ್ಚಿನಲ್ಲಿ ಸೋಪಿನ ಶಾಖ ಏರಿ ಸುಮಾರು 65ರಿಂದ 80ರ ನಡುವೆ ಎಲ್ಲೋ ಒಂದು ಕಡೆ ಅದು ಅರೆಪಾರದರ್ಶಕವಾಗಿ, ವ್ಯಾಸಲೀನಿನ ಹಾಗೆ ಮೆತ್ತಗಾಗುತ್ತದೆ. ನೀರು ಹೆಚ್ಚಿದ್ದ ಮಿಶ್ರಣ ಕಡಿಮೆ ಶಾಖಕ್ಕೇ ಜೆಲ್ ಆಗುತ್ತದೆ, ನೀರು ಕಡಿಮೆಯಿದ್ದರೆ ಹೆಚ್ಚು ಶಾಖ ಬೇಕು. ಇದು ಶುರುವಾಗುವುದು ಅಚ್ಚಿನ ನಡುವಿನಲ್ಲಿ. ಗಾಢ ಬಣ್ಣದ ಒಂದು ದ್ವೀಪ ಮೂಡಿ ಅಂಚಿನ ಕಡೆಗೆ ಹರಡುತ್ತಾ ಹೋಗುವುದನ್ನು ಕಣ್ಣಾರೆ ನೋಡಬಹುದು. ಬೇಸರವಿಲ್ಲದೆ ನೋಡುತ್ತಾ ಕೂರಬಲ್ಲ ಕೆಲವೇ ಸಂಗತಿಗಳಲ್ಲಿ ಇದೂ ಒಂದು. ಅಂಚು ತಣ್ಣಗಿದ್ದರೆ ದ್ವೀಪ ಅರ್ಧದಲ್ಲೇ ನಿಲ್ಲುತ್ತದೆ. ನಿಮ್ಮ ವೃತ್ತ ಅದೇ.

ಇದು ಬರಿ ನೋಟದ ವಿಷಯ. ಆದರೆ ನೋಟ ಬೇಕೆಂದರೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಮಧ್ಯದ ದಾರಿಯೇ ಈ ವೃತ್ತವನ್ನು ಕೊಡುವುದು. ಪೂರ್ತಿ ಜೆಲ್ ಬೇಕಿದ್ದರೆ 40–45ರಲ್ಲಿ ಸುರಿದು, ಹಲಗೆ ಮುಚ್ಚಿ, ದಪ್ಪ ಟವೆಲ್ ಸುತ್ತಿ. ಮರದ ಅಚ್ಚು ಶಾಖ ಹಿಡಿದಿಡುತ್ತದೆ. ತೆಳು ಸಿಲಿಕೋನ್ ಅಚ್ಚು ಬಿಟ್ಟುಬಿಡುತ್ತದೆ, ಹಾಗಾಗಿ ಅದಕ್ಕೆ ಹೊದಿಕೆ ಹೆಚ್ಚು ಬೇಕು, ಅಡಿಗೂ ಬೇಕು. ಓವನ್ ಇದ್ದವರು ಅದನ್ನು 50–60ಕ್ಕೆ ಬಿಸಿ ಮಾಡಿ, ಆರಿಸಿ, ಅಚ್ಚನ್ನು ಒಳಗಿಟ್ಟು ಬಾಗಿಲು ಮುಚ್ಚಬಹುದು. ಜೆಲ್ ಬೇಡವಾದರೆ 30ರ ಸುತ್ತ ಸುರಿದು, ಒಂದೊಂದೇ ಸೋಪಿನ ಸಣ್ಣ ಅಚ್ಚು ಬಳಸಿ, ಒಂದು ದಿನ ಫ್ರಿಜ್ಜಿನಲ್ಲಿಡಿ.

ನನ್ನ ಆಯ್ಕೆ? ಬಣ್ಣ ಹಾಕಿದ ಸೋಪಿಗೆ ಜೆಲ್. ಬಣ್ಣ ಮಿನುಗುತ್ತದೆ, ಅಚ್ಚಿನಿಂದ ಬೇಗ ಬಿಡುತ್ತದೆ, ಮೇಲೆ ಬಿಳಿ ಪುಡಿಯೂ ಕಡಿಮೆ. ಬೆಳ್ಳಗಿನ, ಹಾಲಿನ ಸೋಪಿಗೆ ಜೆಲ್ ಇಲ್ಲದ್ದು. ನಾಲ್ಕರಿಂದ ಆರು ವಾರ ಗಾಳಿಯಲ್ಲಿ ಒಣಗಿದ ಮೇಲೆ ಎರಡೂ ಒಳ್ಳೆಯ ಸೋಪುಗಳೇ. ಜೆಲ್ ಆಗದಿದ್ದರೆ ಸೋಪೇ ಅಲ್ಲ ಎಂದು ವಾದಿಸುವವರಿದ್ದಾರೆ, ಅವರನ್ನು ವಾದಿಸಲು ಬಿಡಿ.

ಪ್ರಶ್ನೆ: ಜೇನುತುಪ್ಪದ ಸೋಪು ಮಾಡಿ ಕಂಬಳಿ ಹೊದಿಸಿ ಮಲಗಿದೆವು. ಬೆಳಿಗ್ಗೆ ಮೇಲ್ಭಾಗ ಬಿರಿದು, ಅಚ್ಚಿನಿಂದ ಉಕ್ಕಿ ಮೇಜಿನ ಮೇಲೆಲ್ಲ ಹರಿದಿತ್ತು.

ಜೇನು ಎಂದರೆ ಸಕ್ಕರೆ. ಸಕ್ಕರೆ ಕ್ಷಾರದ ಜೊತೆ ಸೇರಿದರೆ ಶಾಖ ಬೇಗಬೇಗ ಏರುತ್ತದೆ. ಅದಕ್ಕೆ ಕಂಬಳಿ ಬೇರೆ! ಹಾಲು, ಹಣ್ಣಿನ ತಿರುಳಿಗೂ ಇದೇ ಸ್ವಭಾವ. 500 ಗ್ರಾಂ ಎಣ್ಣೆಗೆ ಒಂದು ಟೀ ಚಮಚ ಜೇನು ಸಾಕು. ಅದನ್ನು ಲೆಕ್ಕದ ನೀರಿನಲ್ಲೇ ತೆಗೆದಿಟ್ಟ ಒಂದೆರಡು ಚಮಚ ನೀರಿನಲ್ಲಿ ಕರಗಿಸಿ, ತೆಳು ಟ್ರೇಸ್ ಬಂದ ಮೇಲೆ ಸೇರಿಸಿ. ಹಾಗೆಯೇ ಹಾಕಿದರೆ ಒಂದೇ ಕಡೆ ಕೂತು ಕಂದು ಹನಿಗಳಾಗುತ್ತದೆ. ಮಿಶ್ರಣ 30–35ರಲ್ಲಿರಲಿ. ಸುರಿದ ಮೇಲೆ ಅಚ್ಚನ್ನು ಜಾಲರಿಯ ಮೇಲಿಡಿ, ಅಡಿಯಿಂದಲೂ ಗಾಳಿ ಆಡಬೇಕು. ಹೊದಿಕೆ ಬೇಡ. ಮತ್ತು ದಯವಿಟ್ಟು ಇಂಥ ಸೋಪನ್ನು ಮಲಗುವ ಹೊತ್ತಿಗೆ ಮಾಡಬೇಡಿ, ಮೊದಲ ಕೆಲವು ಗಂಟೆ ಕಣ್ಣಿಡುವವರು ಬೇಕು.

ಮೇಲ್ಭಾಗ ಉಬ್ಬಿ, ಉದ್ದಕ್ಕೆ ಒಂದು ಬಿರುಕು ಬೀಳುವುದು ಮೊದಲ ಎಚ್ಚರಿಕೆ. ಆಗಲೇ ಫ್ಯಾನಿನ ಕೆಳಗೋ ಫ್ರಿಜ್ಜಿನೊಳಗೋ ಇಡಿ. ಬಿಸಿಯಿರುವಾಗಲೇ ಕೈಗವಸು ಹಾಕಿದ ಬೆರಳಿನಿಂದ ಒತ್ತಿದರೆ ಬಿರುಕು ಮುಚ್ಚಿಕೊಳ್ಳುತ್ತದೆ. ಉಕ್ಕಿಯೇಬಿಟ್ಟರೆ ದೊಡ್ಡ ಸ್ಟೀಲ್ ಪಾತ್ರೆಗೆ ತೆಗೆದು ಕಲಕಿ, ಉಬ್ಬರ ಇಳಿದ ಮೇಲೆ ಮತ್ತೆ ಅಚ್ಚಿಗೆ ತುಂಬಿ. ಅಂದ ಕೆಡುತ್ತದೆ, ಸೋಪು ಕೆಡುವುದಿಲ್ಲ. ಮೇಜಿನ ಮೇಲೆ ಹರಿದದ್ದರಲ್ಲಿ ಕಾಸ್ಟಿಕ್ ಇನ್ನೂ ಉಳಿದಿರಬಹುದು, ಬರಿಗೈಯಲ್ಲಿ ಒರೆಸಬೇಡಿ.

ಲವಂಗ, ದಾಲ್ಚಿನ್ನಿ ಎಣ್ಣೆಗಳಿಗೂ ತಣ್ಣನೆಯ ಮಿಶ್ರಣವೇ ಬೇಕು. ಅವು ಸೇರಿದ ಕೂಡಲೇ ಮಿಶ್ರಣ ಬಿಗಿಯುತ್ತದೆ. ಕೊನೆಯಲ್ಲಿ ಹಾಕಿ, ಬ್ಲೆಂಡರ್ ಬಿಟ್ಟು ಚಮಚದಲ್ಲಿ ಕಲಕಿ, ತಕ್ಷಣ ಸುರಿಯಿರಿ.

ಪ್ರಶ್ನೆ: ನೀರಿನ ಬದಲು ಹಾಲು ಬಳಸಿದೆ. ಕಿತ್ತಳೆ ಬಣ್ಣಕ್ಕೆ ತಿರುಗಿ ಅಮೋನಿಯಾದಂಥ ವಾಸನೆ ಬಂತು.

ಹಾಲಿನ ಸಕ್ಕರೆ ಸುಟ್ಟಿದೆ, ಪ್ರೋಟೀನು ಒಡೆದಿದೆ. ವಾಸನೆ ಒಣಗುವ ವಾರಗಳಲ್ಲಿ ಹೋಗುತ್ತದೆ, ಬಣ್ಣ ಉಳಿಯುತ್ತದೆ. ಹಾಲನ್ನು ತೂಕ ಮಾಡಿ ಗಟ್ಟಿಯಾಗಿ ಹೆಪ್ಪುಗಟ್ಟಿಸಿ, ಪಾತ್ರೆಯನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು, ಕಾಸ್ಟಿಕ್ ಸೋಡಾವನ್ನು ಚಮಚ ಚಮಚವಾಗಿ ಉದುರಿಸಿ. 30 ದಾಟಲು ಬಿಡಬೇಡಿ. ದ್ರಾವಣ ಮಂದವಾಗುತ್ತದೆ, ಹಾಲಿನ ಕೊಬ್ಬು ಅಲ್ಲೇ ಸೋಪಾಗುವುದರಿಂದ. ಹೆದರಬೇಡಿ. ತಣ್ಣಗಿರುವ ಕಾರಣ ಕರಗದ ಕಾಳು ಉಳಿಯಬಹುದು, ಎಣ್ಣೆಗೆ ಸುರಿಯುವಾಗ ಸ್ಟೀಲ್ ಜಾಲರಿಯಲ್ಲಿ ಸೋಸಿ, ಸಿಕ್ಕಿದ್ದನ್ನು ಕರಗಿಸಿ ಸೇರಿಸಿ.

ಇಷ್ಟು ತಾಳ್ಮೆ ಇಲ್ಲದವರಿಗೆ ಸುಲಭದ ದಾರಿ ಇದೆ, ನಾನೂ ಅದನ್ನೇ ಮಾಡುವುದು. ಕಾಸ್ಟಿಕ್ ಸೋಡಾದ ತೂಕದಷ್ಟೇ ನೀರಿನಲ್ಲಿ ಅದನ್ನು ಕರಗಿಸಿ ತಣಿಸಿ. ಅದಕ್ಕಿಂತ ಕಡಿಮೆ ನೀರಾದರೆ ಪೂರ್ತಿ ಕರಗದು. ಉಳಿದ ದ್ರವದ ಪಾಲನ್ನು ಹಾಲಾಗಿ ನೇರ ಎಣ್ಣೆಗೆ ಸೇರಿಸಿ ಬ್ಲೆಂಡ್ ಮಾಡಿ, ಆಮೇಲೆ ತಣಿದ ಕಾಸ್ಟಿಕ್ ನೀರು.

ಪ್ರಶ್ನೆ: ಕೆಂಪು ಬೆಳಕು ಬಿಡುವ ಇನ್‌ಫ್ರಾರೆಡ್ ಥರ್ಮಾಮೀಟರ್ ಕೊಂಡೆ. ಸ್ಟೀಲ್ ಪಾತ್ರೆ ಸುಡುತ್ತಿದ್ದರೂ ಅದು 34 ಎನ್ನುತ್ತದೆ. ಜ್ವರ ನೋಡುವುದನ್ನು ಬಳಸಬಹುದೇ?

ಹೊಳೆಯುವ ಸ್ಟೀಲ್ ಕೋಣೆಯ ಶಾಖವನ್ನೇ ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತದೆ, ಉಪಕರಣ ಅದನ್ನೇ ಓದುತ್ತದೆ. ಪಾತ್ರೆಯ ಬದಿಗೆ ಹಿಡಿಯದೆ ದ್ರವದ ಮೇಲ್ಮೈಗೆ ಹಿಡಿಯಿರಿ, ಅದೂ ಚೆನ್ನಾಗಿ ಕಲಕಿದ ಕೂಡಲೇ. ಅದು ಮೇಲ್ಪದರವನ್ನಷ್ಟೇ ಅಳೆಯುತ್ತದೆ. ಆವಿ ಏಳುತ್ತಿದ್ದರೆ ಅದನ್ನೂ ನಂಬಬೇಡಿ. ಸ್ಟೀಲ್ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ನನ್ನ ಮೆಚ್ಚಿನದು. ನೀರಿನಲ್ಲಿ ಅದ್ದಿದ ಪುಡಿ ಮಂಜುಗಡ್ಡೆಯಲ್ಲಿಟ್ಟರೆ 0 ತೋರಿಸಬೇಕು, ಆಗಾಗ ಪರೀಕ್ಷಿಸಿ.

ಜ್ವರದ ಥರ್ಮಾಮೀಟರ್ ಬೇಡವೇ ಬೇಡ. ಅದರ ಅಳತೆ 42ರ ಆಸುಪಾಸಿಗೆ ಮುಗಿಯುತ್ತದೆ, ಗಾಜಿನದು ಒಡೆದರೆ ಚೂರು ಸೋಪಿನಲ್ಲಿ.

ಪ್ರಶ್ನೆ: ಸೋಪಿನ ಮೇಲೆ ಬಿಳಿ ಪುಡಿ ಏಕೆ?

ಇನ್ನೂ ಸೋಪಾಗದ ಕಾಸ್ಟಿಕ್ ಗಾಳಿಯ ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಸೋಡಿಯಂ ಕಾರ್ಬೊನೇಟ್ ಆಗಿದೆ. ತಣ್ಣಗೆ ಸುರಿದು ತೆರೆದಿಟ್ಟ ಸೋಪಿಗೆ ಹೆಚ್ಚು. ನೀರು ಸ್ವಲ್ಪ ಕಡಿಮೆ ಮಾಡಿ, ಮೇಲೆ ಮುಚ್ಚಿ. ಬಂದದ್ದನ್ನು ಆವಿ ಹಿಡಿದು ಒರೆಸಿದರೆ ಹೋಗುತ್ತದೆ.

ಪ್ರಶ್ನೆ: ಪ್ರತಿ ಸಲ ಕಾಯುವುದು ಬೇಡವೆಂದು ಸಮತೂಕದ ನೀರಿನಲ್ಲಿ ಕಾಸ್ಟಿಕ್ ಸೋಡಾ ಕರಗಿಸಿ ಡಬ್ಬದಲ್ಲಿಟ್ಟಿದ್ದೇನೆ. ಚಳಿಗೆ ತಳದಲ್ಲಿ ಹರಳು ಕಟ್ಟಿದೆ. ಮೇಲಿನ ತಿಳಿಯನ್ನು ಬಳಸಲೇ?

ಬೇಡ. ಹರಳು ಬಿಟ್ಟ ಮೇಲೆ ತಿಳಿಯಲ್ಲಿ ಕಾಸ್ಟಿಕ್ ಪ್ರಮಾಣ ಅರ್ಧಕ್ಕರ್ಧ ಇರುವುದಿಲ್ಲ, ನಿಮ್ಮ ತೂಕವೆಲ್ಲ ತಪ್ಪುತ್ತದೆ. ಈ ಗಾಢತೆಯ ದ್ರಾವಣ ಸುಮಾರು 12 ಡಿಗ್ರಿಯ ಆಸುಪಾಸಿಗೆ ಇಳಿದರೆ ಹರಳುಗಟ್ಟುವ ಗುಣದ್ದು. ಮುಚ್ಚಳ ಸಡಿಲಿಸಿ ಡಬ್ಬವನ್ನು ಬೆಚ್ಚನೆಯ ನೀರಿನಲ್ಲಿ ನಿಲ್ಲಿಸಿ, ಪೂರ್ತಿ ತಿಳಿಯಾಗುವವರೆಗೆ ಕಾದು, ಸ್ಟೀಲ್ ಚಮಚದಲ್ಲಿ ಕಲಕಿ ಆಮೇಲೆ ತೂಗಿ. ಬೇಕಾದ ಕಾಸ್ಟಿಕ್ ಸೋಡಾದ ಎರಡರಷ್ಟು ತೂಕದ ದ್ರಾವಣ ತೆಗೆದುಕೊಳ್ಳಬೇಕು. ಉಳಿದ ನೀರನ್ನು ಎಣ್ಣೆಗೆ ಸೇರಿಸುವ ಮೊದಲು ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ, ಚಳಿಯಲ್ಲಿ ಅದರಿಂದಲೇ ಮಿಶ್ರಣವನ್ನು 35ಕ್ಕೆ ತರಬಹುದು. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು, ಮಕ್ಕಳ ಕೈಗೆ ಸಿಗದ, ಬೀಗವಿರುವ ಕಪಾಟಿನಲ್ಲಿಡಿ.